ಒಂದು ವೈಪರ್‌ಗಾಗಿ ಸನ್‌ರೂಫ್ ಯಾಕೆ ಕೊಳ್ಳಬೇಕು?

ನನ್ನ ತಂಗಿ ಗದಗಿನ ಒಂದು ಶಾಲೆಯಲ್ಲಿ ಟೀಚರ್. ಮನೆ ಹುಬ್ಬಳ್ಳಿಯಲ್ಲಿ. ಹೋಗಿ ಬರೋದು ಸೇರಿ ದಿನಕ್ಕೆ 120 ಕಿಲೋಮೀಟರ್ ಹತ್ತಿರ ಆಗುತ್ತದೆ. ಕಳೆದ ವರ್ಷ ಕಾರು ತಗೋಬೇಕು ಅಂತ ನಿರ್ಧಾರ ಮಾಡಿದಾಗ ಅವಳು ಕೇಳಿದ್ದು ಮೂರೇ ಮೂರು. ಎಡಗಾಲಿನ ಮೊಣಕಾಲು ನೋಯುತ್ತದೆ, ಹಾಗಾಗಿ ಆಟೋಮ್ಯಾಟಿಕ್ ಗೇರ್ ಬೇಕು. ಅವಳ ಎತ್ತರ ಐದು ಅಡಿ, ಹಾಗಾಗಿ ಡ್ರೈವರ್ ಸೀಟನ್ನು ಮೇಲೆ ಕೆಳಗೆ ಮಾಡಲು ಬರಬೇಕು. ಮಳೆಗಾಲದಲ್ಲಿ ಆ ರಸ್ತೆಯ ಎರೆ ಮಣ್ಣಿನ ರಾಡಿ ಹಿಂದಿನ ಗಾಜಿಗೆ ಮೆತ್ತಿಕೊಂಡು ಏನೂ ಕಾಣುವುದಿಲ್ಲ, ಹಾಗಾಗಿ ಹಿಂದೆ ಒಂದು ವೈಪರ್ ಬೇಕು. ಅಷ್ಟೇ.

ಗೋಕುಲ ರೋಡಿನ ಕಡೆ ಒಂದಾದ ಮೇಲೊಂದು ಷೋರೂಮ್ ನೋಡುತ್ತಾ ಹೋದೆವು. ಒಂದು ಗಾಡಿ ಅವಳಿಗೆ ಇಷ್ಟ ಆಯಿತು. ಆಟೋಮ್ಯಾಟಿಕ್ ನಡುವಿನ ಮಾಡೆಲ್‌ನಲ್ಲೇ ಇತ್ತು, ಸೀಟ್ ಎತ್ತರಿಸುವ ಹ್ಯಾಂಡಲ್ಲೂ ಇತ್ತು. ವೈಪರ್ ಇರಲಿಲ್ಲ.

"ಬರಂಗಿಲ್ರಿ ಮೇಡಂ. ಹಿಂದಿನ ವೈಪರ್ ಬೇಕಂದ್ರ ಟಾಪ್ ಮಾಡೆಲ್‌ಗೆ ಹೋಗಬೇಕ್ರಿ. ಅದರಾಗ ಸನ್‌ರೂಫ್ ಸುದ್ದಾ ಬರ್ತದ" ಅಂದ ಅಲ್ಲಿನ ಹುಡುಗ.

"ಸನ್‌ರೂಫ್ ನನಗ ಬ್ಯಾಡ್ರಿ. ವೈಪರ್ ಒಂದ ಹಾಕಿ ಕೊಡ್ರಿ, ಅದರ ರೊಕ್ಕ ಬೇರೆ ಕೊಡ್ತೀನಿ" ಅಂದಳು ತಂಗಿ.

"ಹಂಗ ಕೊಡಾಕ ಬರಂಗಿಲ್ರಿ."

ಎರಡರ ನಡುವಿನ ವ್ಯತ್ಯಾಸ ಒಂದೂವರೆ ಲಕ್ಷಕ್ಕಿಂತ ಜಾಸ್ತಿ. ಅವಳಿಗೆ ಬೇಡದ ಸನ್‌ರೂಫ್, ಬೇಡದ ದೊಡ್ಡ ಸ್ಕ್ರೀನ್, ಬೇಡದ ಅಲಾಯ್ ಚಕ್ರ, ಇವೆಲ್ಲಾ ತಗೊಂಡರೆ ಮಾತ್ರ ಬೇಕಾದ ಒಂದು ವೈಪರ್. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನ ಕೈಯಲ್ಲಿ ಏನಿದೆ ಪಾಪ. ಆದರೆ ನಮ್ಮ ಕಡೆ ಒಂದು ಮನೆಯವರು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಹೀಗೆ ಬೇಡದ ಸಾಮಾನಿಗೆ ಹೋಗೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಇದು ಯಾಕೆ ಹೀಗೆ ಅಂತ ಆಮೇಲೆ ತಿಂಗಳುಗಟ್ಟಲೆ ಓದಿದೆ, ಗ್ಯಾರೇಜಿನವರನ್ನು ಕೇಳಿದೆ. ತಿಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ. ನಾವೆಲ್ಲಾ ಬೇಸ್, ಮಿಡ್ಲ್, ಟಾಪ್ ಅಂತ ಮೂರು ಮಾತಲ್ಲಿ ಮುಗಿಸುತ್ತೇವೆ. ಕಂಪನಿಗಳು ಹಾಗೆ ಬರೆಯುವುದಿಲ್ಲ. ಮಾರುತಿಯಲ್ಲಿ ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ. ಮಹೀಂದ್ರದ ಎಕ್ಸ್‌ಯುವಿ 700ರಲ್ಲಿ ಎಂಎಕ್ಸ್, ಎಎಕ್ಸ್5, ಎಎಕ್ಸ್7 ಇದ್ದವು. ಟಾಟಾ 2023ರಲ್ಲಿ ಹೊಸ ನೆಕ್ಸಾನ್ ತಂದಾಗ ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್ ಅಂತ ಹೆಸರಿಟ್ಟಿತು. ಇದರ ಮೇಲೆ ಪ್ಲಸ್ ಅಂತ ಒಂದು, ಕಂಸದಲ್ಲಿ 'ಓ' (ಆಪ್ಷನಲ್) ಅಂತ ಇನ್ನೊಂದು. ಒಂದು ಕಂಪನಿಯ ನಡುವಿನ ಮಾಡೆಲ್‌ನಲ್ಲಿ ಇರೋದು ಇನ್ನೊಂದರ ನಡುವಿನದರಲ್ಲಿ ಇರಬೇಕು ಅಂತ ನಿಯಮ ಇಲ್ಲ. ಒಂದೇ ಕಂಪನಿಯ ಎರಡು ಗಾಡಿಗಳಲ್ಲೂ ಇರಬೇಕಿಲ್ಲ. ಹಾಗಾಗಿ "ನಾನು ಟಾಪ್ ತಗೊಂಡೆ" ಅಂತ ಯಾರಾದರೂ ಹೇಳಿದರೆ ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಅಂದರೆ ರೊಟ್ಟಿ ಬರುತ್ತದೆ, ಅದಕ್ಕಾಗಿ ಹೋಳಿಗೆ ಊಟ ತಗೋಬೇಕಿಲ್ಲ. ಕಾರಿನಲ್ಲಿ ಯಾಕೆ ಆಗಲ್ಲ? ಇದಕ್ಕೆ ಎರಡು ಕಾರಣಗಳಿವೆ. ಒಂದು ನಿಜವಾದ ಕಷ್ಟ, ಇನ್ನೊಂದು ವ್ಯಾಪಾರದ ಜಾಣತನ.

ಕಷ್ಟ ಏನು ಅಂತ ನೋಡೋಣ. ಒಂದು ಗಾಡಿಯಲ್ಲಿ ಹತ್ತು ಸೌಕರ್ಯ ಇವೆ, ಒಂದೊಂದನ್ನೂ ಗಿರಾಕಿ ಬೇಕು ಇಲ್ಲವೇ ಬೇಡ ಅನ್ನಬಹುದು ಅಂದುಕೊಳ್ಳಿ. ಬರೀ ಇಷ್ಟಕ್ಕೇ 1,024 ಥರದ ಗಾಡಿ ಆಗುತ್ತವೆ. ಆರು ಬಣ್ಣ ಸೇರಿಸಿದರೆ 6,144. ಎರಡು ಎಂಜಿನ್, ಎರಡು ಥರದ ಗೇರ್‌ಬಾಕ್ಸ್ ಸೇರಿಸಿದರೆ 24,576. ಫ್ಯಾಕ್ಟರಿಯ ಲೈನಿನಲ್ಲಿ ಸಾಲಾಗಿ ಬರುವ ಒಂದೊಂದು ಗಾಡಿಯೂ ಬೇರೆ ಬೇರೆ ಆದರೆ, ಸರಿಯಾದ ಸಾಮಾನು ಸರಿಯಾದ ಕ್ಷಣಕ್ಕೆ ಬಂದು ತಲುಪಬೇಕು. ತಪ್ಪೂ ಜಾಸ್ತಿ, ಖರ್ಚೂ ಜಾಸ್ತಿ.

ವೈಪರ್ ಒಂದನ್ನೇ ತಗೊಳ್ಳಿ. ಹೊರಗಿನಿಂದ ನೋಡಿದರೆ ಒಂದು ಕಡ್ಡಿ, ಒಂದು ರಬ್ಬರ್. ಆದರೆ ಅದಕ್ಕೆ ಹಿಂಬಾಗಿಲಿನ ಒಳಗೆ ಮೋಟಾರ್ ಕೂರಬೇಕು. ತುಂಬಾ ಗಾಡಿಗಳಲ್ಲಿ ಗಾಜಿಗೇ ತೂತು ಇರಬೇಕು, ಆ ತೂತನ್ನು ಗಾಜು ಹದ ಮಾಡುವ ಮೊದಲೇ ಕೊರೆದಿರಬೇಕು, ಆಮೇಲೆ ಕೊರೆಯಲು ಹೋದರೆ ಗಾಜು ಪುಡಿಪುಡಿ ಆಗುತ್ತದೆ. ಮುಂದಿನ ಬಾನೆಟ್‌ನಿಂದ ಹಿಂದಿನವರೆಗೆ ನೀರಿನ ಪೈಪ್ ಬರಬೇಕು. ಸ್ಟೀರಿಂಗ್ ಪಕ್ಕದ ಕಡ್ಡಿಯಲ್ಲಿ ಸ್ವಿಚ್ ಇರಬೇಕು. ಇದೆಲ್ಲಕ್ಕೂ ವೈರ್ ಬೇಕು. ಈ ವೈರ್ ವಿಷಯ ನಮಗೆ ಕಾಣೋದೇ ಇಲ್ಲ, ಆದರೆ ಅಸಲಿ ಗಂಟು ಇರೋದು ಅಲ್ಲೇ. ಇವತ್ತಿನ ಒಂದು ಕಾರಿನಲ್ಲಿರುವ ವೈರ್‌ಗಳನ್ನೆಲ್ಲಾ ಒಂದಕ್ಕೊಂದು ಜೋಡಿಸಿದರೆ ಒಂದು ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ಅಷ್ಟನ್ನೂ ಜಡೆ ಹೆಣೆದ ಹಾಗೆ ಕಂತೆ ಕಟ್ಟಿ, ಸಿದ್ಧ ಮಾಡಿಯೇ ಫ್ಯಾಕ್ಟರಿಗೆ ತರುತ್ತಾರೆ. ಅದಕ್ಕೆ ವೈರಿಂಗ್ ಹಾರ್ನೆಸ್ ಅನ್ನುತ್ತಾರೆ. ಇದನ್ನು ಬಹಳ ಮಟ್ಟಿಗೆ ಮನುಷ್ಯರ ಕೈಯೇ ಕಟ್ಟಬೇಕು. ಸೌಕರ್ಯ ಬದಲಾದರೆ ಕಂತೆ ಬದಲಾಗುತ್ತದೆ. ಹಾಗಾಗಿ ಕಂಪನಿಯವರು ಕೆಲವೇ ಕಂತೆಗೆ ನಿಲ್ಲಿಸಿಬಿಡುತ್ತಾರೆ.

ಇನ್ನು ಡೀಲರ್ ಕಡೆ. ಅವನು ಗೋಡೌನಿನಲ್ಲಿ ನಿಲ್ಲಿಸುವ ಗಾಡಿಗೆ ಸಾಮಾನ್ಯವಾಗಿ ಬ್ಯಾಂಕಿನ ಸಾಲ ತಂದಿರುತ್ತಾನೆ. ಮಾರಾಟ ಆಗುವ ತನಕ ಬಡ್ಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಬೇಗ ಹೋಗುವ ಬಿಳಿ ಬಣ್ಣ, ಬೇಗ ಹೋಗುವ ವೇರಿಯಂಟ್ (ಬೇಸ್, ಟಾಪ್ ಥರದ ಮಾಡೆಲ್), ಇಷ್ಟೇ ತರಿಸುತ್ತಾನೆ. "ಆ ವೇರಿಯಂಟ್ ಇಲ್ರಿ" ಅಂದರೆ ಕಂಪನಿ ಮಾಡುವುದೇ ಇಲ್ಲ ಅಂತಲ್ಲ, ತುಂಬಾ ಸಲ ಅವನು ತರಿಸಿಲ್ಲ ಅಂತ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇಷ್ಟು ನ್ಯಾಯದ ಕಾರಣ. ಆದರೆ ಯಾವ ಸೌಕರ್ಯವನ್ನು ಯಾವುದರ ಜೊತೆ ಕಟ್ಟಬೇಕು ಅನ್ನೋದು ವೈರಿನ ಲೆಕ್ಕ ಅಲ್ಲ, ಅದು ಬೆಲೆಯ ಲೆಕ್ಕ. ಹೋರ್ಡಿಂಗ್‌ನಲ್ಲಿ ಕಾಣುವ ಆರಂಭಿಕ ಬೆಲೆ ಬೇಸ್ ಮಾಡೆಲ್‌ದು. ಅದರ ಕೆಲಸ ನಿಮ್ಮನ್ನು ಷೋರೂಮಿಗೆ ಕರೆತರುವುದು. ಒಳಗೆ ಬಂದ ಮೇಲೆ ನೋಡಿದರೆ ಅದರಲ್ಲಿ ಸ್ಟೀರಿಯೋ ಇಲ್ಲ, ಹಿಂದಿನ ಕಿಟಕಿಗೆ ಪವರ್ ಇಲ್ಲ. ಇನ್ನು ಸ್ವಲ್ಪ ಹಾಕಿದರೆ ಮುಂದಿನ ಮೆಟ್ಟಿಲು, ಅದಕ್ಕಿನ್ನು ಸ್ವಲ್ಪ ಹಾಕಿದರೆ ಅದರ ಮುಂದಿನದು. ಒಂದೊಂದು ಮೆಟ್ಟಿಲಲ್ಲೂ ನಿಮಗೆ ನಿಜವಾಗಿ ಬೇಕಾದ ಒಂದನ್ನು ತಡೆದಿಟ್ಟು, ಮುಂದಿನದರಲ್ಲಿ ಇಟ್ಟಿರುತ್ತಾರೆ. ಸಾಲದ ಕಂತಿನಲ್ಲಿ ಹೇಳಿದರಂತೂ ತಿಂಗಳಿಗೆ ಬರೀ ಒಂದು ಸಾವಿರ ಜಾಸ್ತಿ ಅನ್ನಿಸುತ್ತದೆ. ಏಳು ವರ್ಷದ ಸಾಲಕ್ಕೆ ಅದು 84 ಸಾವಿರ. ಲೆಕ್ಕ ಯಾವಾಗಲೂ ಪೂರ್ತಿ ಮೊತ್ತದಲ್ಲೇ ಮಾಡಿ.

ಇದು ಇವತ್ತಿನ ಕಥೆಯಲ್ಲ. ಅಮೆರಿಕದಲ್ಲಿ ಫೋರ್ಡ್‌ನ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಆ ಹೊತ್ತಿಗೆ ಜನರಲ್ ಮೋಟಾರ್ಸ್‌ನವರು ಷೆವರ್ಲೆಯಿಂದ ಕ್ಯಾಡಿಲಾಕ್‌ವರೆಗೆ ಏಣಿ ಇಟ್ಟು, ಜೇಬಿಗೆ ತಕ್ಕ ಗಾಡಿ ಮಾರಿ ಮುಂದೆ ಹೋದರು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು, ಆಯ್ಕೆಯ ಮಾತೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಗಿನ ಜನ ಎಸಿ ಇರೋದು, ಎಸಿ ಇಲ್ಲದ್ದು ಅಂತ ಎರಡೇ ಮಾತಲ್ಲಿ ತೀರ್ಮಾನ ಮಾಡುತ್ತಿದ್ದರು.

ಕಂಪನಿಯ ಜೊತೆಗೆ ಸರಕಾರದ ತೆರಿಗೆಯೂ ನಮ್ಮ ಆಯ್ಕೆಯನ್ನು ಕತ್ತರಿಸುತ್ತದೆ. ಇದನ್ನು ಷೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗಿನ ಎಂಜಿನ್, ಇವೆರಡೂ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಇದಕ್ಕೆ ಜಿಎಸ್‌ಟಿ 18 ಪರ್ಸೆಂಟ್. ಗೆರೆ ದಾಟಿದರೆ 40 ಪರ್ಸೆಂಟ್. ಹಾಗಾಗಿ ಸಣ್ಣ ಗಾಡಿಗೆ ಗಟ್ಟಿಮುಟ್ಟಾದ 1,500 ಸಿಸಿ ಪೆಟ್ರೋಲ್ ಎಂಜಿನ್ ಬೇಕು ಅಂದರೆ ಸಿಗುವುದು ಕಷ್ಟ, ಹೆಚ್ಚಿನ ಕಂಪನಿಗಳು ಗಿರಾಕಿಯ ಮೇಲೆ ಅಷ್ಟು ತೆರಿಗೆ ಹೇರಲು ಇಷ್ಟಪಡುವುದಿಲ್ಲ. ನಮ್ಮ ಕಡೆ ಜನರಿಗೆ ಡೀಸೆಲ್ ಅಂದರೆ ಪ್ರೀತಿ, ಹೊಲಕ್ಕೂ ಅದೇ, ಬೆಂಗಳೂರಿಗೂ ಅದೇ. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದು, ಸಣ್ಣ ಡೀಸೆಲ್ ಎಂಜಿನ್ ಸ್ವಚ್ಛ ಮಾಡುವ ಖರ್ಚು ಏರಿತು. ಮಾರುತಿ ಡೀಸೆಲ್ ಮಾಡುವುದನ್ನೇ ಬಿಟ್ಟಿತು.

ಆಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. ವೇರಿಯಂಟ್ ಆರಿಸುವಾಗ ದೊಡ್ಡ ಹೊಡೆತ ಬೀಳೋದು ಇಲ್ಲೇ. ಪೆಟ್ರೋಲ್, ಡೀಸೆಲ್ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 5ರಿಂದ 10 ಲಕ್ಷದ ಗಾಡಿಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 17 ಪರ್ಸೆಂಟ್, 20 ಲಕ್ಷ ದಾಟಿದರೆ 18. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಗಮನಿಸಿ, 10 ಲಕ್ಷದ ಮೇಲಿನ ದುಡ್ಡಿಗೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ 17. ಈಗ ಒಂದು ವೇರಿಯಂಟ್ 9,95,000 ರೂಪಾಯಿ, ಅದರ ಮೇಲಿನದು 10,05,000 ಅಂತ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಸೆಸ್ ಸೇರಿ ತೆರಿಗೆ ಸುಮಾರು 1,54,600. ಎರಡನೆಯದಕ್ಕೆ ಸುಮಾರು 1,89,600. ಅಂದರೆ ಹತ್ತು ಸಾವಿರದ ಸೌಕರ್ಯಕ್ಕೆ 35 ಸಾವಿರ ತೆರಿಗೆ! ಅದರ ಮೇಲೆ 10 ಲಕ್ಷ ದಾಟಿದ ಗಾಡಿಗೆ 1 ಪರ್ಸೆಂಟ್ ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆಯ ಮುಂಗಡ) ಅಂತ ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆಯಲ್ಲಿ ಹೊಂದಿಕೊಳ್ಳುತ್ತದೆ, ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ತುಂಬಾ ಜನ ಅದನ್ನು ಮರೆತೇ ಬಿಡುತ್ತಾರೆ. ರಶೀದಿ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಗಾಡಿ 10 ಲಕ್ಷದ ಗೆರೆಯ ಆಸುಪಾಸಿನಲ್ಲಿದ್ದರೆ, ಷೋರೂಮಿನ ಬೆಲೆ ಬಿಟ್ಟು ರಸ್ತೆಗೆ ಬರುವ ಬೆಲೆಯನ್ನೇ ಎರಡೂ ವೇರಿಯಂಟಿಗೆ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವ ವಿಷಯ ಸುರಕ್ಷತೆ. ಸನ್‌ರೂಫನ್ನು ಮೇಲಿನ ಮೆಟ್ಟಿಲಲ್ಲಿ ಇಡಲಿ, ನನ್ನ ತಕರಾರಿಲ್ಲ. ಜೀವ ಉಳಿಸುವ ಸಾಮಾನನ್ನು ಅಲ್ಲಿ ಇಡಬಾರದು. ನಮ್ಮ ಹೆದ್ದಾರಿ 48ರಲ್ಲಿ, ಅದರಲ್ಲೂ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಎಷ್ಟು ಮನೆಯ ದೀಪ ಆರಿದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಲಾರಿ ಬಂದು ಗುದ್ದುವಾಗ ನಿಮ್ಮದು ಬೇಸ್ ಮಾಡೆಲ್ಲೋ ಟಾಪೋ ಅಂತ ಕೇಳುವುದಿಲ್ಲ.

ಹಿಂದೆ ಏರ್‌ಬ್ಯಾಗ್, ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವಂಥದ್ದು) ಅಂದರೆ ಸಣ್ಣ ಕಾರುಗಳಲ್ಲಿ ಟಾಪ್ ಮಾಡೆಲ್‌ನ ವೈಭವ. ಅದು ಕೆಳಗೆ ಇಳಿದಿದ್ದು ಬಹುಮಟ್ಟಿಗೆ ಕಾನೂನಿನಿಂದ. 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆಯಿತು. ಅದೇ ವರ್ಷ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ, ರಿವರ್ಸ್ ಸೆನ್ಸರ್ ಕಡ್ಡಾಯ ಆದವು. 2021 ಮುಗಿಯುವ ಹೊತ್ತಿಗೆ ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಬಂತು. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ 2022ರಲ್ಲಿ ಬಂದು, ಒಂದು ವರ್ಷ ಮುಂದೆ ಹೋಗಿ, 2023ರಲ್ಲಿ ಕೈಬಿಟ್ಟರು. ಆದರೂ ಆ ಒತ್ತಡ, ಜನರ ಕೇಳಿಕೆ ಕೆಲಸ ಮಾಡಿತು. ಹ್ಯುಂಡೈ 2023ರ ಅಕ್ಟೋಬರಿನಲ್ಲಿ ತನ್ನ ಎಲ್ಲಾ ಗಾಡಿಗೂ ಎಲ್ಲಾ ವೇರಿಯಂಟಿಗೂ ಆರು ಏರ್‌ಬ್ಯಾಗ್ ಕೊಟ್ಟಿತು. 2025ರಲ್ಲಿ ಮಾರುತಿಯ ಆಲ್ಟೊ ಕೆ10, ವ್ಯಾಗನ್‌ಆರ್ ಕೂಡ ಬೇಸ್‌ನಿಂದಲೇ ಆರು ಏರ್‌ಬ್ಯಾಗ್ ಪಡೆದವು. ಅಷ್ಟು ಕಡಿಮೆ ಬೆಲೆಯ ಗಾಡಿಗೂ ಕೊಡಲು ಆಗುತ್ತದೆ ಅಂದಮೇಲೆ, ಹಿಂದೆ ಕೊಡದಿದ್ದದ್ದು ಆಗದ ಕೆಲಸ ಅಂತಲ್ಲ ಅಲ್ವಾ?

ಈಗ ನೀವು ಕೇಳಬೇಕಾದ್ದು ಇಎಸ್‌ಸಿ ಇದೆಯಾ ಅಂತ. ತಿರುವಿನಲ್ಲಿ ಗಾಡಿ ಜಾರಿದರೆ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ಗಾಡಿಯನ್ನು ಹಾದಿಗೆ ತರುವ ವ್ಯವಸ್ಥೆ ಅದು. ಮಳೆಯಲ್ಲಿ ಕಲಘಟಗಿ ದಾಟಿ ಯಲ್ಲಾಪುರ ಘಟ್ಟದ ಕಡೆ ಹೋಗುವವರಿಗೆ ಇದರ ಬೆಲೆ ಗೊತ್ತು. ಹಿಂದಿನ ಸೀಟಿನ ನಡುವೆ ಕೂರುವವರಿಗೆ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ ನೋಡಿ. ನಮ್ಮ ಮನೆಗಳಲ್ಲಿ ಅಲ್ಲಿ ಕೂರೋದು ಮಕ್ಕಳು, ಇಲ್ಲವೇ ಅಜ್ಜಿ. ಭಾರತ್ ಎನ್‌ಕ್ಯಾಪ್ ಅಂತ ನಮ್ಮದೇ ಡಿಕ್ಕಿ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಶುರುವಾಗಿದೆ. ಸ್ಟಾರ್ ಎಷ್ಟು ಅಂತ ಮಾತ್ರ ನೋಡಬೇಡಿ, ಆ ಸ್ಟಾರ್ ನೀವು ತಗೊಳ್ಳುವ ವೇರಿಯಂಟಿಗೂ ಇದೆಯಾ ಅಂತ ನೋಡಿ.

ಇಷ್ಟು ತಿಳಿದ ಮೇಲೆ ನಾನು ತಂಗಿಗೆ ಹೇಳಿದ್ದು ಒಂದೇ. ಸೌಕರ್ಯಗಳನ್ನು ಎರಡು ಗುಂಪು ಮಾಡು. ಫ್ಯಾಕ್ಟರಿಯಲ್ಲಿ ಮಾತ್ರ ಬರುವಂಥದ್ದು ಒಂದು, ಹುಬ್ಬಳ್ಳಿಯಲ್ಲಿ ಹೊರಗೆ ಹಾಕಿಸಬಹುದಾದ್ದು ಇನ್ನೊಂದು. ಏರ್‌ಬ್ಯಾಗ್, ಇಎಸ್‌ಸಿ, ಗೇರ್‌ಬಾಕ್ಸ್, ಸೀಟಿನ ಎತ್ತರದ ವ್ಯವಸ್ಥೆ, ಹಿಂದಿನ ವೈಪರ್, ಇವು ಆಮೇಲೆ ಬರುವಂಥವಲ್ಲ. ಸನ್‌ರೂಫೂ ಅಷ್ಟೇ, ಛಾವಣಿ ಕತ್ತರಿಸುವ ಹುಚ್ಚು ಮಾತ್ರ ಬೇಡ, ಗಾಡಿ ಪಲ್ಟಿಯಾದರೆ ತಲೆ ಕಾಯೋದು ಅದೇ ಛಾವಣಿ. ಮ್ಯೂಸಿಕ್ ಸಿಸ್ಟಂ, ರಿವರ್ಸ್ ಕ್ಯಾಮೆರಾ, ಸೀಟ್ ಕವರ್, ಮ್ಯಾಟ್, ಡ್ಯಾಶ್‌ಕ್ಯಾಮ್, ಟೈರಿನ ಗಾಳಿ ತೋರಿಸುವ ಮೀಟರ್, ಇವೆಲ್ಲಾ ಹೊರಗೆ ಚೆನ್ನಾಗಿಯೇ ಸಿಗುತ್ತವೆ, ಎಷ್ಟೋ ಸಲ ಕಂಪನಿಯದಕ್ಕಿಂತ ಕಡಿಮೆ ಬೆಲೆಗೆ. ಆದರೆ ಹಾಕಿಸುವಾಗ ಎದುರಿಗೇ ನಿಂತಿರಿ. ವೈರ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ, ಕಪ್ಲರ್‌ಗೆ ಕಪ್ಲರ್ (ವೈರಿನ ತುದಿಯ ಪ್ಲಗ್) ಕೂರುವಂಥದ್ದೇ ಹಾಕಿಸಿ. ಕತ್ತರಿಸಿದ ವೈರ್ ಕಂಡರೆ ವಾರಂಟಿಗೆ ತೊಂದರೆ ಬರುತ್ತದೆ, ಅದಕ್ಕಿಂತ ದೊಡ್ಡದು ಬೆಂಕಿಯ ಭಯ. ದುಡ್ಡು ಕಡಿಮೆ ಇದ್ದರೆ ಮೊದಲ ಗುಂಪಿಗೆ ಹಾಕಿ, ಎರಡನೆಯದು ಮುಂದಿನ ವರ್ಷ ಆಗಲಿ.

ಆಟೋಮ್ಯಾಟಿಕ್ ಬೇಕಾದವರಿಗೆ ಒಂದು ಮಾತು. ಕೆಳಗಿನ ವೇರಿಯಂಟ್‌ಗಳಲ್ಲಿ ಸಿಗೋದು ಹೆಚ್ಚಾಗಿ ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸವನ್ನು ಮಷಿನ್ ಮಾಡುತ್ತದೆ. ಗೇರ್ ಬದಲಾಗುವಾಗ ಒಂದು ಸಣ್ಣ ತೂಗಾಟ ಗೊತ್ತಾಗುತ್ತದೆ, ಅಗ್ಗ, ಮೈಲೇಜೂ ಚೆನ್ನಾಗಿದೆ. ನುಣುಪಾಗಿ ಓಡುವ ಬೇರೆ ಥರದವು ಹೆಚ್ಚಾಗಿ ದುಬಾರಿ ಎಂಜಿನ್ ಜೊತೆ ಕಟ್ಟಿರುತ್ತಾರೆ. ಓಡಿಸಿ ನೋಡದೆ ಬುಕ್ ಮಾಡಬೇಡಿ. ನೀವು ಓಡಿಸುವ ಗಾಡಿ ನೀವು ಕೊಳ್ಳುವ ವೇರಿಯಂಟೇ ಆಗಿರಲಿ, ಟೆಸ್ಟ್ ಡ್ರೈವ್‌ಗೆ ಇಡುವುದು ಸಾಮಾನ್ಯವಾಗಿ ಟಾಪ್ ಮಾಡೆಲ್.

ನಮಗೆ ಷೋರೂಮಿನಲ್ಲಿ ಹೇಳಿದ್ದು ಟಾಪ್ ಮಾಡೆಲ್ ಈ ವಾರವೇ ಸಿಗುತ್ತದೆ, ನಡುವಿನ ಆಟೋಮ್ಯಾಟಿಕ್ ಯಾವಾಗ ಬರುತ್ತದೋ ಗೊತ್ತಿಲ್ಲ ಅಂತ. ದಸರಾ ಹತ್ತಿರ ಇತ್ತು, ಆಯುಧ ಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಅಂತ ಅಪ್ಪನಿಗೂ ಆಸೆ. ಆ ಆಸೆ ಗೊತ್ತಾದರೆ ಸಾಕು, ಮಾತು ಅಲ್ಲಿಗೇ ತಿರುಗುತ್ತದೆ. ಮನೆಗೆ ಬಂದು ಕಂಪನಿಯ ವೆಬ್‌ಸೈಟಿನಿಂದ ವೇರಿಯಂಟ್‌ವಾರು ಪಟ್ಟಿ ತೆಗೆದೆ. ಧಾರವಾಡ, ಬೆಳಗಾವಿ, ದಾವಣಗೆರೆ ಮೂರೂ ಕಡೆ ಫೋನ್ ಮಾಡಿದೆ. ಬೇರೆ ಊರಿನ ಡೀಲರ್ ಹತ್ತಿರ ತಗೊಂಡರೂ ನಮ್ಮ ಆರ್‌ಟಿಒದಲ್ಲೇ ಕೆಎ 63 ನಂಬರ್ ಮಾಡಿಸಲು ಬರುತ್ತದೆ. ಒಬ್ಬರು ಒಂಬತ್ತು ವಾರ ಆಗುತ್ತದೆ ಅಂದರು. ಅದನ್ನು ಹೇಳಿದ ಮೇಲೆ ಹುಬ್ಬಳ್ಳಿಯವರೂ ಅಷ್ಟರಲ್ಲೇ ತರಿಸಿಕೊಡಲು ಒಪ್ಪಿದರು. ಬುಕಿಂಗ್ ಫಾರ್ಮಿನಲ್ಲಿ ವೇರಿಯಂಟ್‌ನ ಪೂರ್ತಿ ಹೆಸರು, ಬಣ್ಣ, ಮುಂಗಡ ವಾಪಸ್ ಕೊಡುವ ಮಾತು, ಮೂರನ್ನೂ ಬರೆಸಿಕೊಂಡೆವು. ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕು ಅಂದರು, ಹೊರಗೆ ಮಾಡಿಸುವ ಹಕ್ಕು ನಮಗಿದೆ ಅಂತ ಬೇರೆ ಎರಡು ಕಡೆಯ ಕೊಟೇಶನ್ ತೋರಿಸಿದೆವು, ಅವರ ರೇಟೇ ಇಳಿಯಿತು. ಮೂವತ್ತು ಸಾವಿರದ ಆಕ್ಸೆಸರಿ ಪ್ಯಾಕ್ ಬೇಡ ಅಂದೆವು. ದಸರಾಕ್ಕೆ ಗಾಡಿ ಬರಲಿಲ್ಲ. ಅಪ್ಪ ಹಳೆಯ ಸ್ಕೂಟರಿಗೇ ಹೂ ಹಾಕಿ ಪೂಜೆ ಮಾಡಿದರು.

ಗಾಡಿ ಬಂದ ದಿನ ಪಟ್ಟಿ ಹಿಡಿದುಕೊಂಡು ಒಂದೊಂದೇ ನೋಡಿದೆವು. ಗಾಡಿ ತಯಾರಾದ ತಿಂಗಳು, ಏರ್‌ಬ್ಯಾಗ್ ಗುರುತು, ಸೀಟಿನ ಹ್ಯಾಂಡಲ್, ಎಲ್ಲಾ ಇನ್‌ವಾಯ್ಸ್‌ನಲ್ಲಿ ಬರೆದ ವೇರಿಯಂಟಿಗೆ ಸರಿಹೊಂದಿದ ಮೇಲೆಯೇ ಸಹಿ ಹಾಕಿದ್ದು.

ವೈಪರ್ ಮಾತ್ರ ಸಿಗಲಿಲ್ಲ. ಅದೊಂದಕ್ಕಾಗಿ ಒಂದೂವರೆ ಲಕ್ಷ ಕೊಡುವುದಿಲ್ಲ ಅಂತ ತಂಗಿಯೇ ತೀರ್ಮಾನ ಮಾಡಿದಳು. ಈಗ ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಹಳೆ ಕಾಟನ್ ಸೀರೆಯ ತುಂಡು ಇಟ್ಟಿರುತ್ತಾಳೆ. ಮಳೆ ಇದ್ದ ದಿನ ಅಣ್ಣಿಗೇರಿಯಲ್ಲಿ ನಿಲ್ಲಿಸಿ ಹಿಂದಿನ ಗಾಜು ಒರೆಸಿಕೊಂಡು ಮುಂದೆ ಹೋಗುತ್ತಾಳೆ. ಗಾಡಿ ತಗೊಂಡ ತಿಂಗಳಿಗೆ ಕಂಪನಿಯಿಂದ ಫೋನ್ ಬಂತು, ಏನಾದರೂ ಸಲಹೆ ಇದೆಯಾ ಅಂತ. ಸಾಮಾನ್ಯವಾಗಿ ಎಲ್ಲರೂ ಹತ್ತಕ್ಕೆ ಹತ್ತು ಅಂತ ಹೇಳಿ ಇಟ್ಟುಬಿಡುತ್ತಾರೆ. ಅವಳು ಕೂತು ನಿಧಾನಕ್ಕೆ ಹೇಳಿದಳು: ನಾನು ದಿನಾ 120 ಕಿಲೋಮೀಟರ್ ಓಡಿಸ್ತೀನಿ, ಹಿಂದೆ ಬರೋ ಲಾರಿ ನನಗೆ ಕಾಣಬೇಕು, ನಡುವಿನ ಮಾಡೆಲ್ಲಿಗೆ ವೈಪರ್ ಕೊಡಿ, ಇದನ್ನ ನಾನು ಹೇಳಿದ ಹಾಗೇ ಬರ್ಕೊಳ್ಳಿ. ಆ ಕಡೆಯ ಹುಡುಗಿ ಬರೆದುಕೊಂಡು, ಓದಿ ಹೇಳಿದಳು.